ಅಮೆರಿಕದ ಚರಿತ್ರೆ ಮತ್ತು ಭೂಗೋಳ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಶಾಲೆಯ ಮಕ್ಕಳು, ಮಗನ ಮನೆಗೋ ಮಗಳ ಬಾಣಂತನಕ್ಕೋ ಆರು ತಿಂಗಳ ಮಟ್ಟಿಗೆ ಹೋಗಿಬಂದ ಹಿರಿಯರು ಮಾತಿನ ನಡುವೆ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಚರಿತ್ರೆಯನ್ನೂ ಭೂಗೋಳವನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದುವ ರೂಢಿ ನಮ್ಮದು. ಅಮೆರಿಕದ ಮಟ್ಟಿಗೆ ಹಾಗೆ ಓದಿದರೆ ಎರಡೂ ಅರ್ಧಂಬರ್ಧ ಅರ್ಥವಾಗುತ್ತವೆ, ಏಕೆಂದರೆ ಅಲ್ಲಿನ ಒಂದೊಂದು ಗಡಿಗೆರೆಯ ಹಿಂದೆಯೂ ಒಂದು ಖರೀದಿಪತ್ರವೋ, ಯುದ್ಧವೋ, ಮುರಿದುಬಿದ್ದ ಒಪ್ಪಂದವೋ ಇದೆ. ಪ್ರಶ್ನೆಗಳು ಸರಳದಿಂದ ಜಟಿಲದ ಕಡೆಗೆ ಸಾಗುತ್ತವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪರಿಚಯ

ಅಮೆರಿಕ ಅನ್ನುವುದು ದೇಶವೋ ಖಂಡವೋ? ಆ ಹೆಸರು ಎಲ್ಲಿಂದ ಬಂತು?

ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಎಂಬವು ಖಂಡಗಳು. ದಿನಬಳಕೆಯಲ್ಲಿ ನಾವು ಅಮೆರಿಕ ಎನ್ನುವುದು ಉತ್ತರ ಅಮೆರಿಕ ಖಂಡದಲ್ಲಿರುವ ಅಮೆರಿಕ ಸಂಯುಕ್ತ ಸಂಸ್ಥಾನವನ್ನು. ಕೆನಡಾ ಮತ್ತು ಮೆಕ್ಸಿಕೊ ಕೂಡ ಅದೇ ಖಂಡದ ದೇಶಗಳು. ಇಟಲಿಯ ನಾವಿಕ ಅಮೆರಿಗೊ ವೆಸ್ಪುಚಿಯ ಹೆಸರಿನಿಂದ ಅಮೆರಿಕ ಎಂಬ ಹೆಸರು ಹುಟ್ಟಿತು. 1507ರಲ್ಲಿ ಜರ್ಮನ್ ನಕ್ಷೆಗಾರ ಮಾರ್ಟಿನ್ ವಾಲ್ಡ್‌ಸೀಮುಲ್ಲರ್ ತಾನು ಅಚ್ಚು ಹಾಕಿದ ಭೂಪಟದಲ್ಲಿ ಆ ಹೆಸರನ್ನು ಮೊದಲ ಬಾರಿಗೆ ಬರೆದ, ಅದೂ ಇಂದಿನ ದಕ್ಷಿಣ ಅಮೆರಿಕದ ಮೇಲೆ. ಆ ಭೂಪಟದ ಉಳಿದಿರುವ ಒಂದೇ ಪ್ರತಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2003ರಲ್ಲಿ 1 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಅಮೆರಿಕವನ್ನು ಕಂಡುಹಿಡಿದವನು ಕೊಲಂಬಸ್ ತಾನೇ?

ಪಠ್ಯಪುಸ್ತಕಗಳು ಬಹುಕಾಲ ಹಾಗೆಯೇ ಬರೆದವು. ಆದರೆ 1492ರ ಅಕ್ಟೋಬರ್ 12ರಂದು ಕೊಲಂಬಸ್ ಇಳಿದದ್ದು ಬಹಾಮಾಸ್ ದ್ವೀಪಸಮೂಹದ ಒಂದು ದ್ವೀಪದಲ್ಲಿ. ಒಟ್ಟು ನಾಲ್ಕು ಯಾನಗಳನ್ನು ಮಾಡಿದರೂ ಇಂದಿನ ಸಂಯುಕ್ತ ಸಂಸ್ಥಾನದ ಮುಖ್ಯ ಭೂಭಾಗದ ಮೇಲೆ ಅವನು ಕಾಲಿಡಲೇ ಇಲ್ಲ. ಭಾರತದ ಕಡೆಯ ದ್ವೀಪಗಳನ್ನು ಮುಟ್ಟಿದೆನೆಂದು ನಂಬಿ ಅಲ್ಲಿನ ಜನರನ್ನು 'ಇಂಡಿಯನ್ನರು' ಎಂದು ಕರೆದ, ಆ ತಪ್ಪು ಹೆಸರು ಐದು ಶತಮಾನ ಕಳೆದರೂ ಕಾನೂನಿನ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಅವನು ಬರುವ ಹೊತ್ತಿಗೆ ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಜನ ಬಾಳುತ್ತಿದ್ದರು. ಅವನಿಗಿಂತ ಸುಮಾರು 500 ವರ್ಷ ಮೊದಲೇ ಉತ್ತರ ಯೂರೋಪಿನ ನಾರ್ಸ್ ನಾವಿಕರು ಇಂದಿನ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದಲ್ಲಿ ತಂಗಿದ್ದರು.

ಇದರೊಡನೆ ನಮಗೆ ಹತ್ತಿರದ ಒಂದು ಸಂಗತಿಯೂ ಸೇರಿಕೊಂಡಿದೆ. ಕೊಲಂಬಸ್ ಬಂದ 400ನೆಯ ವರ್ಷದ ನೆನಪಿಗಾಗಿ 1893ರಲ್ಲಿ ಷಿಕಾಗೊ ನಗರದಲ್ಲಿ ನಡೆದ ವಿಶ್ವಮೇಳದ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ ಏರ್ಪಟ್ಟಿತ್ತು. ಸ್ವಾಮಿ ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ್ದು ಅದೇ ವೇದಿಕೆಯಲ್ಲಿ.

ಅಲ್ಲಿರುವುದು 50 ರಾಜ್ಯಗಳೋ 52 ರಾಜ್ಯಗಳೋ?

50. ರಾಜಧಾನಿ ಪ್ರದೇಶವಾದ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯವನ್ನೂ ಪೋರ್ಟೊ ರಿಕೊ ದ್ವೀಪವನ್ನೂ ಸೇರಿಸಿ 52 ಎನ್ನುವ ತಪ್ಪು ಲೆಕ್ಕ ನಮ್ಮಲ್ಲಿ ಹರಡಿದೆ. ಇವೆರಡೂ ರಾಜ್ಯಗಳಲ್ಲ. ಜನವಸತಿ ಇರುವ ಅಧೀನ ಪ್ರದೇಶಗಳು ಐದು: ಪೋರ್ಟೊ ರಿಕೊ, ಗುವಾಮ್, ವರ್ಜಿನ್ ದ್ವೀಪಗಳು, ಉತ್ತರ ಮರಿಯಾನಾ ದ್ವೀಪಗಳು ಮತ್ತು ಅಮೆರಿಕನ್ ಸಮೋವಾ. ಪೋರ್ಟೊ ರಿಕೊದ ಜನ 1917ರಿಂದಲೂ ಅಮೆರಿಕದ ಪ್ರಜೆಗಳು. ಹಾಗಿದ್ದರೂ ದ್ವೀಪದಲ್ಲಿ ವಾಸಿಸುವವರೆಗೆ ಅವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ.

ವಾಷಿಂಗ್ಟನ್ ಎರಡು ಇವೆಯಂತೆ, ರಾಜಧಾನಿ ಯಾವುದು? ನ್ಯೂಯಾರ್ಕ್ ಏಕೆ ರಾಜಧಾನಿ ಆಗಲಿಲ್ಲ?

ರಾಜಧಾನಿ ವಾಷಿಂಗ್ಟನ್ ನಗರ ಪೂರ್ವ ಕರಾವಳಿಗೆ ಹತ್ತಿರ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿದೆ. ವಾಷಿಂಗ್ಟನ್ ರಾಜ್ಯ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಪೆಸಿಫಿಕ್ ಕರಾವಳಿಯಲ್ಲಿ. ಸಿಯಾಟಲ್ ಅದರ ದೊಡ್ಡ ನಗರ. 1853ರಲ್ಲಿ ಆ ಪ್ರದೇಶಕ್ಕೆ ಕೊಲಂಬಿಯ ಎಂದು ಹೆಸರಿಡಬೇಕೆಂಬ ಪ್ರಸ್ತಾವವಿತ್ತು. ಡಿಸ್ಟ್ರಿಕ್ಟ್ ಆಫ್ ಕೊಲಂಬಿಯದ ಜೊತೆ ಗೊಂದಲವಾದೀತೆಂದು ಅದನ್ನು ಬಿಟ್ಟು ವಾಷಿಂಗ್ಟನ್ ಎಂದು ಇಟ್ಟರು. ಇಂದಿನ ಗೊಂದಲಕ್ಕೆ ಮೂಲ ಅದೇ.

ನ್ಯೂಯಾರ್ಕ್ ಕೆಲಕಾಲ ರಾಜಧಾನಿಯಾಗಿತ್ತು. ಜಾರ್ಜ್ ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅಲ್ಲಿಯೇ. 1790ರಲ್ಲಿ ಉತ್ತರ ಮತ್ತು ದಕ್ಷಿಣದ ನಾಯಕರ ನಡುವೆ ಒಂದು ರಾಜಿಯಾಯಿತು. ರಾಜ್ಯಗಳ ಯುದ್ಧಕಾಲದ ಸಾಲವನ್ನು ಕೇಂದ್ರವೇ ವಹಿಸಿಕೊಳ್ಳುವುದು ಉತ್ತರದವರ ಬೇಡಿಕೆ, ರಾಜಧಾನಿ ದಕ್ಷಿಣಕ್ಕೆ ಹತ್ತಿರವಿರಬೇಕೆಂಬುದು ದಕ್ಷಿಣದವರ ಬೇಡಿಕೆ. ಎರಡೂ ಈಡೇರಿದವು. ನಡುವೆ ಹತ್ತು ವರ್ಷ ಫಿಲಡೆಲ್ಫಿಯದಲ್ಲಿದ್ದ ಸರ್ಕಾರ 1800ರಲ್ಲಿ ಹೊಸ ನಗರಕ್ಕೆ ಸ್ಥಳಾಂತರವಾಯಿತು.

ಜುಲೈ 4 ಅಂದರೆ ನಮ್ಮ ಆಗಸ್ಟ್ 15ರ ಹಾಗೆಯೇ?

ಪೂರ್ತಿ ಹಾಗಲ್ಲ. ನಮ್ಮ ಆಗಸ್ಟ್ 15 ಅಧಿಕಾರ ಕೈಗೆ ಬಂದ ದಿನ. 1776ರ ಜುಲೈ 4 ಸ್ವಾತಂತ್ರ್ಯ ಘೋಷಣೆಯ ಪಠ್ಯವನ್ನು 13 ವಸಾಹತುಗಳ ಪ್ರತಿನಿಧಿಗಳು ಅಂಗೀಕರಿಸಿದ ದಿನ. ಬ್ರಿಟನ್ನಿನಿಂದ ಬೇರೆಯಾಗುವ ನಿರ್ಣಯಕ್ಕೆ ಮತ ಬಿದ್ದದ್ದು ಅದಕ್ಕೂ ಎರಡು ದಿನ ಮುಂಚೆ. ಯುದ್ಧ ಅದಾಗಲೇ ಒಂದು ವರ್ಷದಿಂದ ನಡೆಯುತ್ತಿತ್ತು, ಮುಂದೆಯೂ ಹಲವು ವರ್ಷ ನಡೆಯಿತು. ಬ್ರಿಟನ್ ಸ್ವಾತಂತ್ರ್ಯವನ್ನು ಒಪ್ಪಿ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದ್ದು 1783ರ ಸೆಪ್ಟೆಂಬರ್ 3ರಂದು. ಸಂವಿಧಾನ 1787ರಲ್ಲಿ ಸಿದ್ಧವಾಗಿ 1789ರಲ್ಲಿ ಜಾರಿಗೆ ಬಂತು. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಎಂದು ಎರಡನ್ನು ಆಚರಿಸುವ ನಮಗೆ ಅಲ್ಲಿ ಎರಡನೆಯದಕ್ಕೆ ಅಂಥ ಸಂಭ್ರಮವಿಲ್ಲದಿರುವುದು ವಿಶೇಷವಾಗಿ ಕಾಣುತ್ತದೆ.

ಅಲ್ಲಿ ಸೋತ ಕಾರ್ನ್‌ವಾಲಿಸನೇ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನಾ?

ಹೌದು, ಅದೇ ವ್ಯಕ್ತಿ. 1781ರ ಅಕ್ಟೋಬರ್ 19ರಂದು ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಅವನ ಏಳು ಸಾವಿರಕ್ಕೂ ಹೆಚ್ಚು ಸೈನಿಕರು ಶಸ್ತ್ರ ಕೆಳಗಿಟ್ಟರು. ನೆಲದ ಮೇಲೆ ಅಮೆರಿಕದ ಮತ್ತು ಫ್ರಾನ್ಸಿನ ಸೇನೆ, ಸಮುದ್ರದಲ್ಲಿ ಫ್ರೆಂಚ್ ನೌಕಾಪಡೆ, ಹೀಗೆ ಎರಡೂ ದಾರಿ ಕಟ್ಟಿಹೋಗಿದ್ದವು. ಅನಾರೋಗ್ಯದ ಕಾರಣ ಹೇಳಿ ಕಾರ್ನ್‌ವಾಲಿಸ್ ಶರಣಾಗತಿಗೆ ತಾನು ಬಾರದೆ ತನ್ನ ಕೈಕೆಳಗಿನ ಅಧಿಕಾರಿಯನ್ನು ಕಳುಹಿಸಿದ. ಇಷ್ಟಾದರೂ ಅವನ ಏಳಿಗೆ ನಿಲ್ಲಲಿಲ್ಲ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಮೂಲಕ ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದು ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ.

ಆ ದಿನಗಳಲ್ಲಿ ಈ ಎರಡು ರಣರಂಗಗಳು ಒಂದೇ ದೊಡ್ಡ ಯುದ್ಧದ ಭಾಗಗಳಾಗಿದ್ದವು. ಫ್ರಾನ್ಸ್ ಅಲ್ಲಿ ವಾಷಿಂಗ್ಟನ್ನನ ಪಕ್ಷ, ಇಲ್ಲಿ ಹೈದರಾಲಿಯ ಪಕ್ಷ. ಅಮೆರಿಕನ್ನರಿಗೂ ಅದು ತಿಳಿದಿತ್ತು. ಪೆನ್ಸಿಲ್ವೇನಿಯ ತನ್ನ ವ್ಯಾಪಾರದ ರಕ್ಷಣೆಗೆ ಸಜ್ಜುಗೊಳಿಸಿದ ಒಂದು ಹಡಗಿನ ಹೆಸರೇ 'ಹೈದರ್ ಅಲಿ'. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿಯ ನೇತೃತ್ವದ ಆ ಹಡಗು ತನಗಿಂತ ಬಲಶಾಲಿಯಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಮೈಸೂರಿನ ನವಾಬನ ಹೆಸರು ಅಟ್ಲಾಂಟಿಕ್ ಸಾಗರದಲ್ಲಿ ಹೀಗೆ ಮೊಳಗಿದ್ದನ್ನು ನಮ್ಮ ಶಾಲೆಯ ಪಾಠಗಳಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು ಎಂಬುದು ನನ್ನ ಬಲವಾದ ಅನಿಸಿಕೆ.

## ನೆಲ, ನೀರು, ಹವೆ

ಐದು ಮಹಾಸರೋವರಗಳು ಯಾವುವು? ಅವುಗಳಿಂದ ನ್ಯೂಯಾರ್ಕ್ ಬೆಳೆಯಿತು ಅನ್ನುತ್ತಾರಲ್ಲ, ಹೇಗೆ?

ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಇವುಗಳಲ್ಲಿ ಮಿಷಿಗನ್ ಒಂದೇ ಪೂರ್ತಿಯಾಗಿ ಅಮೆರಿಕದೊಳಗಿದೆ, ಉಳಿದ ನಾಲ್ಕರ ನಡುವೆ ಕೆನಡಾದ ಗಡಿ ಹಾಯುತ್ತದೆ. ಭೂಮಿಯ ಮೇಲ್ಮೈಯ ಸಿಹಿನೀರಿನ ಸುಮಾರು ಐದನೆಯ ಒಂದು ಭಾಗ ಈ ಐದರಲ್ಲಿದೆ. ಈರಿ ಸರೋವರದ ನೀರು ಒಂಟಾರಿಯೊಗೆ ಇಳಿಯುವ ಹಾದಿಯಲ್ಲಿ ನಯಾಗರ ಜಲಪಾತವಿರುವುದರಿಂದ ದೋಣಿಗಳು ನೇರವಾಗಿ ಹೋಗುವಂತಿರಲಿಲ್ಲ. 1825ರಲ್ಲಿ ಈರಿ ಕಾಲುವೆ ತೆರೆದು ಬಫಲೊ ಮತ್ತು ಆಲ್ಬನಿ ನಗರಗಳನ್ನು ಸುಮಾರು 584 ಕಿಲೋಮೀಟರ್ ಉದ್ದಕ್ಕೂ ಜೋಡಿಸಿತು. ಆಲ್ಬನಿಯಿಂದ ಹಡ್ಸನ್ ನದಿ ನೇರ ನ್ಯೂಯಾರ್ಕ್ ಬಂದರಿಗೆ ಹರಿಯುತ್ತದೆ. ಒಳನಾಡಿನ ಗೋಧಿ, ಮರಮುಟ್ಟು ಎಲ್ಲವೂ ಆ ದಾರಿ ಹಿಡಿದವು. ಫಿಲಡೆಲ್ಫಿಯ, ಬಾಸ್ಟನ್ ಹಿಂದೆ ಬಿದ್ದವು.

ಅತಿ ಉದ್ದದ ನದಿ ಮಿಸ್ಸಿಸ್ಸಿಪ್ಪಿಯೋ ಮಿಸ್ಸೌರಿಯೋ?

ಮಿಸ್ಸೌರಿ, ಅದೂ ಕೂದಲೆಳೆಯ ಅಂತರದಲ್ಲಿ. ಎರಡೂ ಸುಮಾರು 3,760 ಕಿಲೋಮೀಟರ್ ಉದ್ದದವು. ರಾಕಿ ಪರ್ವತಗಳಿಂದ ಕೆಸರು ಹೊತ್ತು ಬರುವ ಮಿಸ್ಸೌರಿ, ಸೇಂಟ್ ಲೂಯಿಸ್ ನಗರದ ಬಳಿ ಮಿಸ್ಸಿಸ್ಸಿಪ್ಪಿಯನ್ನು ಸೇರುತ್ತದೆ. ಪರೀಕ್ಷೆಯಲ್ಲಿ 'ನದಿ ವ್ಯವಸ್ಥೆ' ಎಂದು ಕೇಳಿದ್ದರೆ ಎರಡನ್ನೂ ಸೇರಿಸಿಯೇ ಉತ್ತರಿಸಬೇಕು.

ಅತಿ ಎತ್ತರದ, ಅತಿ ತಗ್ಗಿನ ಜಾಗ?

ಅತಿ ಎತ್ತರದ್ದು ಅಲಾಸ್ಕದ 6,190 ಮೀಟರಿನ ಶಿಖರ. ಅಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಅದು ಡೆನಾಲಿ, ಸರ್ಕಾರಿ ದಾಖಲೆಗಳಲ್ಲಿ ಮೆಕಿನ್ಲಿ ಎಂಬ ಹೆಸರೂ ಇದೆ. ಅತಿ ತಗ್ಗಿನದು ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ, ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ.

ಪೂರ್ವದಲ್ಲಿ ಎಲ್ಲಿ ನೋಡಿದರೂ ಹಸಿರು, ಪಶ್ಚಿಮಕ್ಕೆ ಹೋದರೆ ಬರೀ ಒಣನೆಲ. ಏಕೆ ಹೀಗೆ?

ಪೆಸಿಫಿಕ್ ಸಾಗರದಿಂದ ಬೀಸುವ ತೇವದ ಗಾಳಿ ಕರಾವಳಿಯ ಬೆಟ್ಟಸಾಲು, ಸಿಯೆರಾ ನೆವಾಡ, ರಾಕಿ ಪರ್ವತ ಎಂದು ಒಂದರ ಹಿಂದೆ ಒಂದರಂತೆ ಗೋಡೆಗಳನ್ನು ಹತ್ತಿ ಇಳಿಯುತ್ತ ತನ್ನ ನೀರನ್ನೆಲ್ಲ ಕಳೆದುಕೊಳ್ಳುತ್ತದೆ. ಸಹ್ಯಾದ್ರಿಯ ನೆತ್ತಿಯಲ್ಲಿ ಆಗುಂಬೆ ತೊಯ್ದು ತೊಪ್ಪೆಯಾಗುವಾಗ ಚಳ್ಳಕೆರೆ ಮುಗಿಲು ನೋಡುತ್ತಾ ಕೂರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರ್ವಾರ್ಧಕ್ಕೆ ಮಾತ್ರ ಮೆಕ್ಸಿಕೊ ಕೊಲ್ಲಿಯ ತೇವ ಧಾರಾಳವಾಗಿ ಸಿಗುತ್ತದೆ. ಎರಡರ ನಡುವಿನ ಗಡಿ ಸರಿಸುಮಾರು 100ನೆಯ ಪಶ್ಚಿಮ ರೇಖಾಂಶ. ಅದರಾಚೆಗೆ ವರ್ಷಕ್ಕೆ 50 ಸೆಂಟಿಮೀಟರಿಗಿಂತ ಕಡಿಮೆ ಮಳೆ, ಅಂದರೆ ನೀರಾವರಿ ಇಲ್ಲದೆ ಬೇಸಾಯವನ್ನು ನೆಚ್ಚಿಕೊಳ್ಳಲಾಗದು.

ಈ ಗೆರೆಯನ್ನು ಮೊದಲು ಗಟ್ಟಿಯಾಗಿ ಹೇಳಿದವನು ಜಾನ್ ವೆಸ್ಲಿ ಪೊವೆಲ್. ಅಂತರ್ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡಿದ್ದ ಈತ 1869ರಲ್ಲಿ ಮರದ ದೋಣಿಗಳಲ್ಲಿ ಕೊಲರಾಡೊ ನದಿಯಲ್ಲಿಳಿದು ಗ್ರ್ಯಾಂಡ್ ಕ್ಯಾನ್ಯನ್ ದಾಟಿದ. 1878ರಲ್ಲಿ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ, ಪೂರ್ವದ ಮಾದರಿಯಲ್ಲಿ 160 ಎಕರೆಯ ಹೊಲಗಳನ್ನು ಪಶ್ಚಿಮದಲ್ಲಿ ಹಂಚಿದರೆ ರೈತ ಉಳಿಯುವುದಿಲ್ಲ, ನೆಲವನ್ನು ನೀರಿನ ಲೆಕ್ಕದಲ್ಲಿ ಹಂಚಬೇಕು ಎಂದ. ಆ ಮಾತಿಗೆ ಕಿವಿಗೊಟ್ಟವರು ಕಡಿಮೆ. 1930ರ ದಶಕದಲ್ಲಿ ಒಕ್ಲಹೋಮ, ಕ್ಯಾನ್ಸಸ್, ಟೆಕ್ಸಸ್ ಬಯಲುಗಳಲ್ಲಿ ಹುಲ್ಲಿನ ಹೊದಿಕೆ ಕಿತ್ತು ಉತ್ತ ಮಣ್ಣು ಬರಗಾಲಕ್ಕೆ ಸಿಕ್ಕಿ ಧೂಳಾಗಿ ಎದ್ದಿತು. 1935ರ ಏಪ್ರಿಲ್ 14ರ ಭಾನುವಾರ ಹಾಡಹಗಲೇ ಕತ್ತಲು ಕವಿಯಿತು. ಲಕ್ಷಾಂತರ ಜನ ಊರು ಬಿಟ್ಟರು. ಅದೇ ತಿಂಗಳು ಮಣ್ಣು ಸಂರಕ್ಷಣೆಗಾಗಿಯೇ ಒಂದು ಸರ್ಕಾರಿ ಇಲಾಖೆ ಹುಟ್ಟಿಕೊಂಡಿತು. ಇಂದು ಆ ಬಯಲುಗಳು ಹಸಿರಾಗಿ ಕಾಣುವುದು ಒಗಲಾಲ ಎಂಬ ಅಂತರ್ಜಲ ಭಂಡಾರದಿಂದ ಎತ್ತುವ ನೀರಿನಿಂದ. ಅದರ ಮಟ್ಟವೂ ಹಲವೆಡೆ ಇಳಿಯುತ್ತಿದೆ.

ಟಾರ್ನೆಡೊ, ಹರಿಕೇನ್ ಎರಡೂ ಒಂದೇನಾ? ಅಲ್ಲೇ ಏಕೆ ಅಷ್ಟೊಂದು?

ಎರಡೂ ಬೇರೆ. ಹರಿಕೇನ್ ಎಂದರೆ ನಮ್ಮ ಬಂಗಾಳಕೊಲ್ಲಿಯ ಚಂಡಮಾರುತದ ಜಾತಿಯದೇ. ಸಮುದ್ರದಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಬದುಕುತ್ತದೆ. ಟಾರ್ನೆಡೊ ನೆಲದ ಮೇಲಿನ ಗುಡುಗುಮಳೆಯ ಮೋಡದಿಂದ ಇಳಿಯುವ ಸುಂಟರಗಾಳಿ. ಅಗಲ ಕಡಿಮೆ, ಆಯುಷ್ಯ ನಿಮಿಷಗಳ ಲೆಕ್ಕದ್ದು, ವೇಗ ಭೀಕರ. ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಟಾರ್ನೆಡೊಗಳು ಏಳುತ್ತವೆ. ನಮ್ಮಲ್ಲಿ ಉತ್ತರದ ಚಳಿಗಾಳಿಯನ್ನು ಹಿಮಾಲಯ ಅಡ್ಡ ನಿಂತು ತಡೆಯುತ್ತದೆ. ಅಲ್ಲಿ ಪರ್ವತಗಳೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವುದರಿಂದ ಕೆನಡಾದ ಚಳಿಗಾಳಿ, ಕೊಲ್ಲಿಯ ತೇವಗಾಳಿ, ರಾಕಿ ಪರ್ವತದಿಂದಿಳಿಯುವ ಒಣಗಾಳಿ ಮೂರೂ ನಡುಬಯಲಿನಲ್ಲಿ ತಡೆಯಿಲ್ಲದೆ ಸಂಧಿಸುತ್ತವೆ. 1925ರ ಮಾರ್ಚ್ 18ರಂದು ಮಿಸ್ಸೌರಿ, ಇಲಿನಾಯ್, ಇಂಡಿಯಾನ ರಾಜ್ಯಗಳನ್ನು ಸೀಳಿಕೊಂಡು ಹೋದ ಒಂದೇ ಸುಂಟರಗಾಳಿಗೆ 695 ಜನ ಬಲಿಯಾದರು.

## ಭೂಪಟ ಬೆಳೆದ ಬಗೆ

13 ವಸಾಹತುಗಳು ಇಷ್ಟು ದೊಡ್ಡ ದೇಶ ಆದದ್ದು ಹೇಗೆ? ಎಲ್ಲವನ್ನೂ ದುಡ್ಡು ಕೊಟ್ಟು ಕೊಂಡರಂತೆ, ನಿಜವೇ?

ಅರ್ಧ ನಿಜ. 1783ರಲ್ಲಿ ದೇಶದ ಪಶ್ಚಿಮ ಗಡಿ ಮಿಸ್ಸಿಸ್ಸಿಪ್ಪಿ ನದಿಯಾಗಿತ್ತು. 1803ರಲ್ಲಿ ಫ್ರಾನ್ಸಿನ ನೆಪೋಲಿಯನ್ ಆ ನದಿಯಿಂದ ರಾಕಿ ಪರ್ವತದವರೆಗಿನ ಲೂಯಿಸಿಯಾನ ಪ್ರಾಂತವನ್ನು 1.5 ಕೋಟಿ ಡಾಲರಿಗೆ ಮಾರಿದ. ಸುಮಾರು 21 ಲಕ್ಷ ಚದರ ಕಿಲೋಮೀಟರ್ ನೆಲ, ಎಕರೆಗೆ ಮೂರು ಸೆಂಟಿಗಿಂತ ಕಡಿಮೆ ಬೆಲೆ. ಅವನು ಮಾರಿದ್ದಕ್ಕೆ ಮುಖ್ಯ ಕಾರಣ ಹೈಟಿಯ ಗುಲಾಮರು. ದಂಗೆಯೆದ್ದು ಫ್ರೆಂಚ್ ಸೇನೆಯನ್ನು ಅವರು ಹಣ್ಣುಗಾಯಿ ಮಾಡಿದ ಮೇಲೆ ಅಮೆರಿಕ ಖಂಡದಲ್ಲಿ ಸಾಮ್ರಾಜ್ಯ ಕಟ್ಟುವ ಆಸೆ ನೆಪೋಲಿಯನ್ನನಿಗೆ ಉಳಿಯಲಿಲ್ಲ. ಅಮೆರಿಕದ ಭೂಪಟ ಒಮ್ಮೆಗೇ ಇಮ್ಮಡಿಯಾಗಲು ಹೈಟಿಯ ಜನರ ಹೋರಾಟ ಕಾರಣವಾಯಿತೆಂಬುದನ್ನು ಹೆಚ್ಚಿನವರು ನೆನೆಯುವುದಿಲ್ಲ.

ಫ್ಲಾರಿಡ 1819ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಸ್ಪೇನಿನಿಂದ ಬಂತು. ಮೆಕ್ಸಿಕೊದಿಂದ ಬೇರೆಯಾಗಿದ್ದ ಟೆಕ್ಸಸ್ 1845ರಲ್ಲಿ ಸೇರಿತು. 1846ರಲ್ಲಿ ಬ್ರಿಟನ್ನಿನೊಡನೆ ಮಾತುಕತೆಯಾಗಿ ಒರೆಗಾನ್ ಪ್ರದೇಶದ ಗಡಿ 49ನೆಯ ಅಕ್ಷಾಂಶದಲ್ಲಿ ನಿಂತಿತು. ಅದೇ ವರ್ಷ ಮೆಕ್ಸಿಕೊ ಮೇಲೆ ಯುದ್ಧ ಶುರುವಾಯಿತು. 1848ರ ಫೆಬ್ರವರಿ 2ರ ಒಪ್ಪಂದದಲ್ಲಿ ಮೆಕ್ಸಿಕೊ ಕ್ಯಾಲಿಫೋರ್ನಿಯ, ನೆವಾಡ, ಯೂಟಾ ಮುಂತಾದ ವಿಶಾಲ ನೆಲವನ್ನು ಬಿಟ್ಟುಕೊಟ್ಟಿತು. ಅದಕ್ಕೂ 1.5 ಕೋಟಿ ಡಾಲರ್ ಕೊಟ್ಟರು. ಆದರೆ ರಾಜಧಾನಿಯಲ್ಲಿ ಶತ್ರುಸೇನೆ ಕುಳಿತಿರುವಾಗ ಸಹಿ ಹಾಕಿಸಿಕೊಂಡ ಪತ್ರವನ್ನು ಮಾರಾಟ ಎನ್ನಲು ನನಗೆ ಮನಸ್ಸು ಬಾರದು. ಸಹಿಗೆ ಒಂಬತ್ತು ದಿನ ಮೊದಲು, ಜನವರಿ 24ರಂದು, ಕ್ಯಾಲಿಫೋರ್ನಿಯದ ಒಂದು ಮರಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನದ ಚೂರು ಸಿಕ್ಕಿತ್ತು. ಸಹಿ ಹಾಕಿದ ಎರಡೂ ಕಡೆಯವರಿಗೆ ಅದು ತಿಳಿದಿರಲಿಲ್ಲ.

ಅಲಾಸ್ಕ 1867ರಲ್ಲಿ ರಷ್ಯದಿಂದ 72 ಲಕ್ಷ ಡಾಲರಿಗೆ ನಡೆದ ನಿಜವಾದ ಖರೀದಿ. ಹವಾಯಿಯ ಕತೆ ಬೇರೆ: ಅಲ್ಲಿನ ರಾಣಿ ಲಿಲಿಯುಕಲಾನಿಯನ್ನು 1893ರಲ್ಲಿ ಪದಚ್ಯುತಗೊಳಿಸಿ, 1898ರಲ್ಲಿ ದ್ವೀಪಗಳನ್ನು ಸೇರಿಸಿಕೊಂಡರು. ಅದಕ್ಕಾಗಿ ಅಮೆರಿಕದ ಸಂಸತ್ತು 1993ರಲ್ಲಿ ಕ್ಷಮೆ ಕೋರಿತು. ಇವೆರಡೂ ರಾಜ್ಯಗಳಾದದ್ದು 1959ರಲ್ಲಿ.

ರಾಜ್ಯಗಳ ಗಡಿ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ, ವಿಮಾನದಿಂದ ನೋಡಿದರೆ ಹೊಲಗಳೂ ಚೌಕ ಚೌಕ. ಏಕೆ?

ಜನ ನೆಲೆಸಿ, ಊರುಗಳು ಬೆಳೆದು, ಆಮೇಲೆ ಮೋಜಣಿ ನಡೆಯುವುದು ನಮ್ಮ ಕಡೆಯ ಕ್ರಮ. ಹಾಗಾಗಿ ನಮ್ಮ ಹೊಲಗಳ ಬದು ಹಳ್ಳದ ಜೊತೆ, ದಿಬ್ಬದ ಜೊತೆ ಬಳುಕುತ್ತದೆ. ಅಲ್ಲಿ ಮೋಜಣಿ ಮೊದಲು, ಹೊಸ ಒಕ್ಕಲು ಆಮೇಲೆ. 1785ರ ಭೂ ಕಾನೂನಿನ ಪ್ರಕಾರ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಷಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ, ಅಂದರೆ 640 ಎಕರೆಯ, 36 ತುಂಡುಗಳು. ಅವುಗಳಲ್ಲಿ 16ನೆಯ ತುಂಡು ಶಾಲೆಗೆ ಮೀಸಲು. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ ಒಂದು ಕುಟುಂಬಕ್ಕೆ ಕೊಟ್ಟ 160 ಎಕರೆ ಎಂದರೆ ಒಂದು ತುಂಡಿನ ಕಾಲುಭಾಗ.

ಅಳೆದ ಸಾಧನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ಇಂಗ್ಲೆಂಡಿನ ಎಡ್ಮಂಡ್ ಗಂಟರ್ ರೂಪಿಸಿದ 66 ಅಡಿ ಉದ್ದದ, 100 ಕೊಂಡಿಗಳ ಲೋಹದ ಸರಪಳಿ. ಇಬ್ಬರು ಅದರ ಎರಡು ತುದಿ ಹಿಡಿದು ಕಾಡು, ಜವುಗು, ನದಿ ಎನ್ನದೆ ನೇರ ನಡೆಯಬೇಕು. 80 ಸರಪಳಿಗೆ ಒಂದು ಮೈಲಿ. ಮೂಲೆ ಬಂದಲ್ಲಿ ಕಂಬ ನೆಟ್ಟು, ಹತ್ತಿರದ ಮರಗಳ ತೊಗಟೆ ಕೆತ್ತಿ ಗುರುತು ಹಾಕಿ, ಆ ಮರದ ಜಾತಿ, ದಪ್ಪ, ದೂರ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ನಮ್ಮ ಬಾಂದುಕಲ್ಲಿನ ಕೆಲಸವನ್ನು ಅಲ್ಲಿ ಮರಗಳು ಮಾಡಿದವು. 66 ಅಡಿಯ ಒಂದು ಚೌಕವೆಂದರೆ ಸರಿಯಾಗಿ ನಮ್ಮ 4 ಗುಂಟೆ. ಅಂಥ ಹತ್ತು ಚೌಕಕ್ಕೆ 40 ಗುಂಟೆ, ಒಂದು ಎಕರೆ. 33 ಅಡಿಗೆ 33 ಅಡಿ ಎಂಬ ನಮ್ಮ ಪಹಣಿಯ ಗುಂಟೆಯ ಲೆಕ್ಕವೂ ಅಯೋವಾದ ಜೋಳದ ಹೊಲದ ಲೆಕ್ಕವೂ ಹೀಗೆ ಒಂದಕ್ಕೊಂದು ಚುಕ್ತಾ ಹೊಂದುತ್ತವೆ.

ಭೂಮಿ ಗುಂಡಗಿರುವುದರಿಂದ ರೇಖಾಂಶಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುತ್ತವೆ, ಚೌಕಗಳು ಪೂರ್ತಿ ಚೌಕವಾಗಿ ಉಳಿಯುವುದಿಲ್ಲ. ಅದಕ್ಕಾಗಿ ಅಲ್ಲಲ್ಲಿ ತಿದ್ದುಪಡಿ ಗೆರೆ ಹಾಕಿ ಹೊಸದಾಗಿ ಅಳೆದರು. ಬಾಣದಂತೆ ನೇರ ಹೋಗುತ್ತಿದ್ದ ಹಳ್ಳಿರಸ್ತೆ ಕಾರಣವೇ ಇಲ್ಲದೆ ಪಕ್ಕಕ್ಕೆ ತಿರುಗಿ ಮತ್ತೆ ನೇರವಾಗುವುದನ್ನು ನೀವು ಕಂಡಿದ್ದರೆ, ನೀವು ದಾಟಿದ್ದು ಅಂಥದೊಂದು ಗೆರೆ. ಪಶ್ಚಿಮದ ರಾಜ್ಯಗಳ ಗಡಿಗಳನ್ನೂ ಹೀಗೆಯೇ ಅಕ್ಷಾಂಶ, ರೇಖಾಂಶ ಹಿಡಿದು ಸಂಸತ್ತಿನಲ್ಲಿ ಬರೆದರು. ಯೂಟಾ, ಕೊಲರಾಡೊ, ಅರಿಜೋನ, ನ್ಯೂ ಮೆಕ್ಸಿಕೊ ನಾಲ್ಕೂ ಒಂದೇ ಬಿಂದುವಿನಲ್ಲಿ ಕೂಡುವುದು ಅದರಿಂದಲೇ.

ಹಾಗಾದರೆ ಅಲ್ಲಿ ಮೊದಲೇ ಇದ್ದ ಜನ ಏನಾದರು?

ಬಹುಪಾಲು ಜನ ಯೂರೋಪಿನಿಂದ ಬಂದ ಸಿಡುಬು, ದಡಾರದಂಥ ರೋಗಗಳಿಗೆ ತುತ್ತಾದರು; ಉಳಿದವರು ಯುದ್ಧಗಳಲ್ಲಿ, ಒಪ್ಪಂದಗಳಲ್ಲಿ ನೆಲ ಕಳೆದುಕೊಂಡರು. ಚೆರೊಕಿ ಜನರ ಕತೆ ಒಂದನ್ನು ತಿಳಿದರೆ ಉಳಿದವೂ ಅರ್ಥವಾಗುತ್ತವೆ. ಓದುಬರಹ ಬಾರದ ಸಿಕ್ವೋಯಾ ಎಂಬ ಚೆರೊಕಿ ಕುಶಲಕರ್ಮಿ 1821ರ ಹೊತ್ತಿಗೆ ತನ್ನ ಭಾಷೆಗೆ ಲಿಪಿಯನ್ನು ತಾನೇ ಸೃಷ್ಟಿಸಿದ, ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರದಂತೆ. 1827ರಲ್ಲಿ ಅವರು ಲಿಖಿತ ಸಂವಿಧಾನ ಮಾಡಿಕೊಂಡರು, 1828ರಲ್ಲಿ ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಪತ್ರಿಕೆ ಹೊರಡಿಸಿದರು. ಅಷ್ಟರಲ್ಲಿ ಜಾರ್ಜಿಯದ ಅವರ ನೆಲದಲ್ಲಿ ಚಿನ್ನ ಕಂಡಿತು. 1830ರಲ್ಲಿ ಅಧ್ಯಕ್ಷ ಆಂಡ್ರೂ ಜ್ಯಾಕ್ಸನ್ ಮೂಲನಿವಾಸಿಗಳನ್ನು ಮಿಸ್ಸಿಸ್ಸಿಪ್ಪಿಯಾಚೆಗೆ ಸಾಗಿಸುವ ಕಾನೂನಿಗೆ ಸಹಿ ಹಾಕಿದ. 1832ರಲ್ಲಿ ಸುಪ್ರೀಂ ಕೋರ್ಟ್ ಚೆರೊಕಿಗಳ ಪರವಾಗಿ ತೀರ್ಪು ಕೊಟ್ಟರೂ ಅದು ಕಾಗದದಲ್ಲೇ ಉಳಿಯಿತು. 1838-39ರ ಚಳಿಗಾಲದಲ್ಲಿ ಸುಮಾರು 16 ಸಾವಿರ ಜನರನ್ನು ಇಂದಿನ ಒಕ್ಲಹೋಮಕ್ಕೆ ಅಟ್ಟಿದರು. ದಾರಿಯಲ್ಲೂ ಶಿಬಿರಗಳಲ್ಲೂ ಸುಮಾರು 4 ಸಾವಿರ ಜನ ಸತ್ತರು. ಅದನ್ನು ಕಣ್ಣೀರ ಹಾದಿ ಎನ್ನುತ್ತಾರೆ.

ಒಕ್ಲಹೋಮವನ್ನೂ ಅವರಿಗೆ ಬಿಡಲಿಲ್ಲ. 1887ರ ಕಾನೂನು ಪಂಗಡಗಳ ಸಾಮೂಹಿಕ ಭೂಮಿಯನ್ನು ತುಂಡು ಮಾಡಿ ಹಂಚಿ, 'ಮಿಕ್ಕಿದ್ದನ್ನು' ಹೊರಗಿನವರಿಗೆ ತೆರೆಯಿತು. ಆಗ 13.8 ಕೋಟಿ ಎಕರೆಯಿದ್ದ ಅವರ ಒಟ್ಟು ನೆಲ 1934ರ ಹೊತ್ತಿಗೆ 4.8 ಕೋಟಿ ಎಕರೆಗೆ ಇಳಿಯಿತು. ಎಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ. ಇಂದು ಸರ್ಕಾರ ಮಾನ್ಯಮಾಡಿರುವ 570ಕ್ಕೂ ಹೆಚ್ಚು ಪಂಗಡಗಳಿವೆ; ಅವು ಸ್ವಂತ ಆಡಳಿತ, ನ್ಯಾಯಾಲಯ ನಡೆಸಬಲ್ಲವು. 2020ರಲ್ಲಿ ಸುಪ್ರೀಂ ಕೋರ್ಟ್, ಪೂರ್ವ ಒಕ್ಲಹೋಮದ ಮಸ್ಕೋಗಿ ಜನರ ಮೀಸಲು ನೆಲವನ್ನು ಸಂಸತ್ತು ಎಂದೂ ರದ್ದು ಮಾಡಿಲ್ಲ ಎಂದು ತೀರ್ಪಿತ್ತಿತು. ಆ ಜನ ಹೋಗಿಬಿಟ್ಟರು ಎಂದು ಭೂತಕಾಲದಲ್ಲಿ ಬರೆಯುವುದನ್ನು ನಾವು ಬಿಡಬೇಕು.

## ಆಳಕ್ಕೆ ಇಳಿಯುವ ಪ್ರಶ್ನೆಗಳು

ಅಂತರ್ಯುದ್ಧ ನಡೆದದ್ದು ಗುಲಾಮಗಿರಿಗಾಗಿಯೋ, ರಾಜ್ಯಗಳ ಹಕ್ಕಿಗಾಗಿಯೋ?

ಗುಲಾಮಗಿರಿಗಾಗಿ. ಒಕ್ಕೂಟ ಬಿಟ್ಟುಹೋದ ದಕ್ಷಿಣದ 11 ರಾಜ್ಯಗಳಲ್ಲಿ ಹಲವು ತಾವೇಕೆ ಹೋಗುತ್ತಿದ್ದೇವೆಂದು ಬರೆದು ಪ್ರಕಟಿಸಿದವು. ಮಿಸ್ಸಿಸ್ಸಿಪ್ಪಿಯ ಹೇಳಿಕೆ ತನ್ನ ನಿಲುವು ಗುಲಾಮಗಿರಿಯೊಡನೆ ಬೆಸೆದುಕೊಂಡಿದೆಯೆಂದು ಆರಂಭದಲ್ಲೇ ಹೇಳುತ್ತದೆ. 1850ರಲ್ಲಿ ಇದೇ ದಕ್ಷಿಣದವರು, ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳನ್ನು ಕೇಂದ್ರದ ಬಲದಿಂದ ಕಟ್ಟಿಹಾಕುವ ಕಾನೂನು ತಂದಿದ್ದರು. ರಾಜ್ಯಗಳ ಹಕ್ಕು ಅವರಿಗೆ ಅಷ್ಟು ದೊಡ್ಡದಾಗಿದ್ದರೆ ಆ ಕಾನೂನು ಬರುತ್ತಿರಲಿಲ್ಲ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. 1861ರ ಏಪ್ರಿಲಿನಿಂದ 1865ರ ಏಪ್ರಿಲ್‌ವರೆಗೆ ನಡೆದ ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಆದರೆ ಉತ್ತರದವರೆಲ್ಲ ಮೊದಲ ದಿನದಿಂದಲೇ ವಿಮೋಚನೆಗಾಗಿ ಹೋರಾಡಿದರು ಎನ್ನುವುದೂ ಸರಿಯಲ್ಲ. ಲಿಂಕನ್ನರ ಮೊದಲ ಗುರಿ ಒಕ್ಕೂಟವನ್ನು ಉಳಿಸುವುದಾಗಿತ್ತು. 1863ರ ಜನವರಿ 1ರ ವಿಮೋಚನಾ ಘೋಷಣೆ ಯುದ್ಧದ ಅರ್ಥವನ್ನು ಬದಲಿಸಿತು, 1865ರ ಡಿಸೆಂಬರಿನಲ್ಲಿ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ಇಡೀ ದೇಶದಲ್ಲಿ ಕೊನೆಗೊಳಿಸಿತು.

ಆ ಯುದ್ಧಕ್ಕೂ ನಮ್ಮ ಧಾರವಾಡದ ಹತ್ತಿಗೂ ಸಂಬಂಧ ಇದೆಯಂತೆ?

ಇದೆ. ಯುದ್ಧಕ್ಕೆ ಮೊದಲು ಬ್ರಿಟನ್ನಿನ ಗಿರಣಿಗಳ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು. ಆ ಅವಲಂಬನೆ ತಪ್ಪಿಸಲು ಕಂಪನಿ ಸರ್ಕಾರ 1840ರ ದಶಕದಲ್ಲೇ ಅಮೆರಿಕದ ತೋಟಗಾರರನ್ನೂ ಬೀಜವನ್ನೂ ಧಾರವಾಡ ಸೀಮೆಗೆ ತರಿಸಿತ್ತು. ಅಲ್ಲಿ ನೆಲೆಯೂರಿದ ತಳಿಗೆ ಪೇಟೆಯಲ್ಲಿ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. ಅದರ ಪಕ್ಕದಲ್ಲೇ ಬೆಳೆಯುತ್ತಿದ್ದ ನಾಡತಳಿಗೆ, ಹಡಗು ಹತ್ತುತ್ತಿದ್ದ ಬಂದರಿನಿಂದಾಗಿ 'ಕುಮಟಾ' ಹತ್ತಿ ಎಂಬ ಹೆಸರು. ಯುದ್ಧ ಶುರುವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಹತ್ತಿಯ ಬೆಲೆ ಏರಿತು, ಹುಬ್ಬಳ್ಳಿ-ಗದಗದ ಎರೆಭೂಮಿಗೆ ಬಂಗಾರದ ದಿನಗಳು ಬಂದವು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಕಾರವಾರ ಬಂದರಿನ ಮೂಲಕ ಈ ಹತ್ತಿಯನ್ನು ಸಾಗಿಸುವ ಉದ್ದೇಶವೂ ಇತ್ತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿದಾಗ ಮುಂಬಯಿಯ ಅನೇಕ ವ್ಯಾಪಾರಿಗಳು ದಿವಾಳಿಯಾದರು.

ಹೆಚ್ಚು ಮತ ಪಡೆದವರು ಸೋಲುವುದು ಹೇಗೆ ಸಾಧ್ಯ?

ಅಧ್ಯಕ್ಷರನ್ನು ಆರಿಸುವುದು 538 ಮತದಾರರ ಒಂದು ಮಂಡಲಿ. ಗೆಲ್ಲಲು 270 ಬೇಕು. ಪ್ರತಿ ರಾಜ್ಯಕ್ಕೂ ಅದರ ಕೆಳಮನೆಯ ಸದಸ್ಯರ ಸಂಖ್ಯೆಯ ಜೊತೆಗೆ ಇಬ್ಬರು ಸೆನೆಟರುಗಳ ಲೆಕ್ಕ ಸೇರಿಸಿ ಮತಗಳನ್ನು ಕೊಡುತ್ತಾರೆ. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಕ್ಕೂ 6 ಲಕ್ಷ ಮುಟ್ಟದ ವಯೋಮಿಂಗ್‌ಗೂ ಸೆನೆಟಿನಲ್ಲಿ ತಲಾ ಎರಡೇ ಸ್ಥಾನ. ಮೇನ್, ನೆಬ್ರಾಸ್ಕ ಬಿಟ್ಟರೆ ಉಳಿದೆಡೆ ಒಂದು ಮತದಿಂದ ಗೆದ್ದರೂ ರಾಜ್ಯದ ಎಲ್ಲ ಮತಗಳು ಗೆದ್ದವರಿಗೇ. 2000ದಲ್ಲೂ 2016ರಲ್ಲೂ ಹೀಗೆ ದೇಶದಾದ್ಯಂತ ಹೆಚ್ಚು ಜನಮತ ಪಡೆದವರು ಸೋತರು. 1787ರಲ್ಲಿ ಈ ಸೂತ್ರ ರೂಪುಗೊಂಡಾಗ ಸಣ್ಣ ರಾಜ್ಯಗಳ ಭಯ ಒಂದು ಕಾರಣ. ಮತವಿಲ್ಲದ ಗುಲಾಮರಲ್ಲಿ ಐವರನ್ನು ಮೂವರೆಂದು ಎಣಿಸಿ ದಕ್ಷಿಣಕ್ಕೆ ಹೆಚ್ಚು ಬಲ ಕೊಟ್ಟ ಲೆಕ್ಕ ಇನ್ನೊಂದು.

ನಮ್ಮವರು ಅಲ್ಲಿಗೆ ಹೋಗಲು ಶುರುಮಾಡಿದ್ದು ಯಾವಾಗ? 1965ಕ್ಕೆ ಅಷ್ಟು ಮಹತ್ವ ಏಕೆ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೋದವರಲ್ಲಿ ಹೆಚ್ಚಿನವರು ಪಂಜಾಬಿನ ರೈತರು, ಕಾರ್ಮಿಕರು. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯದ ಬಹುಭಾಗದ ಜನರಿಗೆ ಬಾಗಿಲು ಮುಚ್ಚಿತು. 1923ರಲ್ಲಿ ಭಗತ್ ಸಿಂಗ್ ತಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಮೊದಲೇ ಪೌರತ್ವ ಪಡೆದಿದ್ದವರಿಂದಲೂ ಅದನ್ನು ಕಿತ್ತುಕೊಂಡರು. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ ಪೌರತ್ವದ ದಾರಿ ತೆರೆದರೂ ವರ್ಷಕ್ಕೆ 100 ಭಾರತೀಯರಿಗಷ್ಟೇ ಅವಕಾಶ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಅಡಿಯಲ್ಲಿ ಸಹಿಯಾದ ವಲಸೆ ಕಾನೂನು ಮೂಲದೇಶದ ಆಧಾರದ ಆ ಕೋಟಾಗಳನ್ನು ತೆಗೆದುಹಾಕಿತು. ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳು ಹೋಗತೊಡಗಿದ್ದು, ಊರೂರಿನಲ್ಲಿ ಕನ್ನಡ ಕೂಟಗಳು ಹುಟ್ಟಿದ್ದು ಅದರ ನಂತರ. ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಕಲಕಿರದಿದ್ದರೆ ಆ ಕಾನೂನು ಬರುತ್ತಿರಲಿಲ್ಲ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ತಿಳಿದಿರಲೇಬೇಕಾದ ಋಣ ಇದು.

ಅಲಬಾಮದ ಚುನಾವಣಾ ನಕ್ಷೆಯಲ್ಲಿ ನಡುವೆ ಬೇರೆ ಬಣ್ಣದ ಒಂದು ಪಟ್ಟಿ ಕಾಣುತ್ತದೆ. ಅದೇನು?

ಇಡೀ ಪುಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಆ ಪಟ್ಟಿಯ ಹೆಸರು ಬ್ಲ್ಯಾಕ್ ಬೆಲ್ಟ್. ಡೈನೊಸಾರುಗಳ ಕೊನೆಯ ಕಾಲದಲ್ಲಿ, ಸುಮಾರು 7-8 ಕೋಟಿ ವರ್ಷಗಳ ಹಿಂದೆ, ಸಮುದ್ರ ಅಲ್ಲಿಯವರೆಗೆ ಬಂದಿತ್ತು. ದಡದ ಬಳಿಯ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಸತ್ತ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೋಟ್ಯಂತರ ಸಂಖ್ಯೆಯಲ್ಲಿ ಬಿದ್ದು ಸೀಮೆಸುಣ್ಣದ ಪದರಗಳಾದವು. ಸಮುದ್ರ ಹಿಂದೆ ಸರಿದ ಮೇಲೆ ಅದರ ಮೇಲೆ ಕಪ್ಪು, ಜಿಗುಟು, ಫಲವತ್ತಾದ ಮಣ್ಣು ಬೆಳೆಯಿತು. ನಮ್ಮ ಎರೆಮಣ್ಣು ಬೆಂಕಿಬೆಟ್ಟಗಳ ಕಲ್ಲಿನಿಂದ ಆದದ್ದು, ಅದು ಸಮುದ್ರದ ಸುಣ್ಣದಿಂದ. ಹುಟ್ಟು ಬೇರೆಯಾದರೂ ಎರಡಕ್ಕೂ ಹತ್ತಿ ಒಗ್ಗಿತು.

ಹತ್ತಿ ಬಂದಲ್ಲಿಗೆ ದೊಡ್ಡ ಜಮೀನುದಾರರು ಗುಲಾಮರನ್ನು ಸಾಲು ಸಾಲಾಗಿ ತಂದರು. ಬಿಡುಗಡೆಯ ನಂತರವೂ ಅವರಲ್ಲಿ ಬಹಳ ಜನ ಪಾಲುದಾರ ಬೇಸಾಯಗಾರರಾಗಿ ಅಲ್ಲೇ ಉಳಿದರು. ಹಾಗಾಗಿ ಹಳೆಯ ಕಡಲದಂಡೆಯ ಗುಂಟ ಇಂದಿಗೂ ಕಪ್ಪುಜನರೇ ಹೆಚ್ಚಿರುವ ಕೌಂಟಿಗಳಿವೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು), ಸುತ್ತಲಿನ ಪ್ರದೇಶಕ್ಕಿಂತ ಅವರ ಮತ ಬೇರೆಯಾಗಿ ಬೀಳುತ್ತದೆ. ಭೂಗರ್ಭದ ನಕ್ಷೆ, 1860ರ ಗುಲಾಮರ ಗಣತಿಯ ನಕ್ಷೆ, ಇಂದಿನ ಮತಗಳ ನಕ್ಷೆ ಮೂರನ್ನೂ ಒಂದರ ಮೇಲೊಂದು ಇಟ್ಟರೆ ಅದೇ ಬಾಗಿದ ಪಟ್ಟಿ ಮೂರರಲ್ಲೂ ಕಾಣುತ್ತದೆ.

ಆ ಪಟ್ಟಿಗೆ ಬಣ್ಣ ಬಂದದ್ದು ಮಾತ್ರ ಇತ್ತೀಚೆಗೆ. ಪಟ್ಟಿಯೊಳಗಿನ ಲೌಂಡ್ಸ್ ಕೌಂಟಿಯಲ್ಲಿ ಕಪ್ಪುಜನರೇ ಬಹುಸಂಖ್ಯಾತರು. ಆದರೂ 1965ರ ಆರಂಭದಲ್ಲಿ ಅಲ್ಲಿನ ಮತದಾರರ ಪಟ್ಟಿಯಲ್ಲಿ ಅವರ ಪೈಕಿ ಒಂದು ಹೆಸರೂ ಇರಲಿಲ್ಲ. ಅದೇ ವರ್ಷದ ಮಾರ್ಚ್ 7ರಂದು ಪಕ್ಕದ ಸೆಲ್ಮಾ ಊರಿನ ಸೇತುವೆಯ ಮೇಲೆ, ಮತದ ಹಕ್ಕು ಕೇಳಿ ನಡೆದುಬಂದವರನ್ನು ಪೊಲೀಸರು ಲಾಠಿಯಿಂದ ಹೊಡೆದು ಕೆಡವಿದರು. ಎರಡು ವಾರಗಳ ನಂತರ ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ಜನ ಮತ್ತೆ ಹೊರಟು, ಲೌಂಡ್ಸ್ ಕೌಂಟಿಯ ನಡುವಿನಿಂದಲೇ ಹಾದು ರಾಜಧಾನಿ ಮಾಂಟ್‌ಗೊಮೆರಿ ತಲುಪಿದರು. ಆಗಸ್ಟ್ 6ರಂದು ಮತದಾನ ಹಕ್ಕು ಕಾನೂನಿಗೆ ಸಹಿ ಬಿತ್ತು.